ಸಾವಿರದ ನಾನೂರು ಅಡಿಯ ಗೆರೆ

ಏಪ್ರಿಲ್ 4, ಶುಕ್ರವಾರ

ಪರದೆ ಮೇಲೇಳಲಿ. ರಂಗದ ಮೇಲೆ ಒಂದು ಹಗ್ಗದ ಮಂಚ. ಮಂಚದ ಮೇಲೆ ಒಬ್ಬ ರಾಜ. ಈ ಬಿಸಿಲಿನಲ್ಲೂ ರಾಜನ ಕೊರಳಿಗೆ ಮಫ್ಲರು. ಸಭಿಕರಲ್ಲಿ ಹೆಂಡತಿ ಒಬ್ಬಳೇ, ಅವಳೂ ಸೊಪ್ಪು ಬಿಡಿಸುತ್ತಿದ್ದಾಳೆ. ರಾಜನಿಗೆ ಮಾತಿಲ್ಲ.

ಮೊನ್ನೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನನ್ನ ಗಂಟಲೊಳಗಿಂದ ಒಂದು ಗಂಟು ತೆಗೆದರು. ಉದ್ದಿನ ಕಾಳಿನಷ್ಟಿತ್ತಂತೆ. ಕೆಟ್ಟ ಗಂಟಲ್ಲ ಎಂದು ಸಮಾಧಾನ ಹೇಳಿದ ಡಾಕ್ಟರಮ್ಮ ಅದೇ ಉಸಿರಿನಲ್ಲಿ ಶಿಕ್ಷೆಯನ್ನೂ ಓದಿದರು. "ಎರಡು ವಾರ ಒಂದು ಮಾತೂ ಆಡಬಾರದು. ಪಿಸುಗುಟ್ಟೋದೂ ಬೇಡ. ಆಮೇಲೆ ನೋಡಣ, ಧ್ವನಿ ಎಷ್ಟು ಬರುತ್ತೆ ಅಂತ."

ಎಷ್ಟು ಬರುತ್ತೆ ಅಂತ. ಆಕೆಗೆ ಈ ಧ್ವನಿಯ ಇತಿಹಾಸ ಗೊತ್ತಿಲ್ಲ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟಾಗಿ ಒಂದು ಆಯುಷ್ಯ ಕಳೆದವನು ನಾನು. "ಶಿಡ್ಲಘಟ್ಟ, ಜಂಗಮಕೋಟೆ" ಎಂದು ನಾನು ಕೂಗಿದರೆ ಎದುರು ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವನು ಕೈ ತೊಳೆಯದೆ ಓಡಿಬರುತ್ತಿದ್ದ. ಅದು ಹೊಟ್ಟೆಪಾಡು. ನಿಜವಾದ ನಾನು ಇರುವುದು ನಾಟಕದಲ್ಲಿ. ರಾಜಪಾರ್ಟಿನ ಚೆನ್ನರಾಯಪ್ಪ ಎಂದರೆ ದೂರದ ಮಂಡಿಕಲ್ಲಿನಲ್ಲೂ ತಲೆದೂಗುತ್ತಾರೆ. ನಮ್ಮೂರಿನ ನಾಟಕದ ಬಯಲಿನಲ್ಲಿ ನಿಂತು ಮೈಕಿಲ್ಲದೆ ನಾನು ಎತ್ತಿದ ಕಂದಪದ್ಯ, ಊರು ದಾಟಿ, ಕೆರೆ ಕಟ್ಟೆಯ ಮೇಲೆ ಮಲಗಿದವನನ್ನು ಎಬ್ಬಿಸಿ ಕೂರಿಸುತ್ತಿತ್ತು.

ಇದೆಲ್ಲ ನಾಟಕದ ಮೇಷ್ಟ್ರು ಕೋನಪ್ಪನವರು ಹಾರ್ಮೋನಿಯಂ ಪಕ್ಕ ಬೆತ್ತ ಇಟ್ಟುಕೊಂಡು ಕೊಟ್ಟ ಭಿಕ್ಷೆ. ಹೆತ್ತವರಿಂದ ಬಂದದ್ದಲ್ಲ. ಅಪ್ಪನದು ಕೇಳಿದರೂ ಕೇಳಿಸದ ಮಾತು. ಅವ್ವ ಪೆದ್ದಮ್ಮ ನನ್ನ ಐದನೇ ವಯಸ್ಸಿಗೆ ಹೋದಳು. ಮುಖ ನೆನಪಿಲ್ಲ, ದನಿಯಂತೂ ಇಲ್ಲವೇ ಇಲ್ಲ.

ಮೇ ಹತ್ತಕ್ಕೆ ಊರಲ್ಲಿ ನಾಟಕ. ರಾಜಪಾರ್ಟು ನನ್ನದೇ. ಅಲ್ಲಿಯವರೆಗೆ ಒಳಗಿನ ಮಾತು ಎಲ್ಲಿಯಾದರೂ ಹೋಗಬೇಕಲ್ಲ, ಅದಕ್ಕೇ ಬರೆಯುತ್ತೇನೆ. ಯಾರಿಗೂ ಅಲ್ಲ, ನನಗೇ.

ಏಪ್ರಿಲ್ 7, ಸೋಮವಾರ

ಆದಿಲಕ್ಷ್ಮಿ ಅಟ್ಟದಿಂದ ಹಳೇ ಸ್ಲೇಟು ಹುಡುಕಿ ಕೊಟ್ಟಿದ್ದಾಳೆ. ಊಟಕ್ಕೆ ಕೂತು 'ಉಪ್ಪು' ಎಂದು ಬರೆದು ತೋರಿಸಿದೆ.

"ಜಾಸ್ತಿನಾ ಕಮ್ಮಿನಾ, ಅದನ್ನೂ ಬರೀರಿ," ಎಂದಳು.

ಬರೆಯುವಷ್ಟರಲ್ಲಿ ಸಾರು ಆರಿತು. ಅವಳ ಮುಖದಲ್ಲಿ ಒಂದು ಹೊಸ ಕಳೆ ಬಂದಿದೆ. ಮನೆ ನಿಶ್ಶಬ್ದವಾಗಿರುವುದು ಅವಳಿಗೆ ಒಗ್ಗುತ್ತಿದೆ ಎಂದು ನನಗೆ ಗುಮಾನಿ.

ಸಂಜೆ ನರಸಿಂಹಪ್ಪ ಬಂದ. ಮೇಲಿನ ಬೀದಿಯ ಜಮೀನುದಾರ, ನಾಟಕದಲ್ಲಿ ಮಾತ್ರ ಕೇರಿಯವನಾದ ನನಗೆ ಮಂತ್ರಿ. ರಂಗದ ಮೇಲೆ ನನ್ನೆದುರು ಕೈಕಟ್ಟಿ ನಿಂತು ನಿಂತು ಅವನ ಬೆನ್ನು ಬಾಗಿದೆ.

"ಏನ್ ಮಹಾಪ್ರಭು, ಪ್ರಜೆಗಳಿಗೆ ಏನಾದ್ರೂ ಅಪ್ಪಣೆ ಐತಾ?"

'ತೊಲಗು' ಎಂದು ಬರೆದೆ. ಅವನು ನಕ್ಕು ಮಂಚದ ಮೇಲೇ ಕೂತ.

"ನಮ್ಮವ್ವ ಕೇಳ್ತಾಳೆ ಕಣಯ್ಯ, ಚೆನ್ನರಾಯನ ಸದ್ದೇ ಇಲ್ಲ, ಹೋಗ್ಬಿಟ್ನಾ ಅಂತ. ಅವಳಿಗೆ ಕಣ್ಣು ಕಾಣಲ್ವಲ್ಲ. ನಿನ್ನ ಗಂಟಲೇ ಅವಳಿಗೆ ನಿನ್ನ ಮುಖ."

ಅವನ ತಾಯಿ ಅಕ್ಕಯ್ಯಮ್ಮನವರಿಗೆ ಎಂಬತ್ತು ದಾಟಿದೆ. ಎರಡೂ ಕಣ್ಣು ಮಬ್ಬಾಗಿ ಎಷ್ಟೋ ವರ್ಷವಾಯಿತು.

ಏಳುವ ಮುಂಚೆ ನರಸಿಂಹಪ್ಪ ನೆಲ ನೋಡುತ್ತ ಹೇಳಿದ. "ಒಂದ್ ವೇಳೆ ನೀನು ಅಷ್ಟರೊಳಗೆ ಸುಧಾರಿಸ್ಕೊಳ್ದೇ ಇದ್ರೆ... ನಿನ್ನ ಮಾತು ನಾನು ಬಾಯಿಪಾಠ ಮಾಡ್ಕೊಂಡಿರ್ಲಾ?"

ನಾನು ಸ್ಲೇಟನ್ನು ಒರೆಸಿದೆ. ಬಹಳ ಹೊತ್ತು ಒರೆಸಿದೆ.

ಏಪ್ರಿಲ್ 10, ಗುರುವಾರ

ಮೊಮ್ಮಗಳು ಸಂಘಮಿತ್ರ, ಮನೆಯಲ್ಲಿ ನಮಗೆಲ್ಲ ಮಿತ್ರ, ಬಂದಳು. ಮಗಳು ರೂಪಾಳ ಮಗಳು, ಗೌರಿಬಿದನೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ರಜೆಗೆ ಬರುವ ಮಕ್ಕಳು ಬಟ್ಟೆ ತರುತ್ತಾರೆ. ಇವಳು ಎರಡು ಮೂಟೆ ಸುಣ್ಣ, ಒಂದು ಡಬ್ಬ ನೀಲಿ, ಗೋಂದು, ಕುಂಚ ಮತ್ತು ಒಂದು ಉದ್ದನೆಯ ಟೇಪು ತಂದಿದ್ದಾಳೆ.

ಗೋಡೆಗಳ ಮೇಲೆ ಚಿತ್ರ ಬರೆದು ಜನರಿಗೆ ಹವಾಮಾನದ ಬಗ್ಗೆ ಎಚ್ಚರ ಹೇಳುವುದು ಅವಳ ಹುಚ್ಚು. ಹೋದ ವರ್ಷ ಕುಡುಮಲಕುಂಟೆಗೆ ಹೋಗುವ ರಸ್ತೆಯಲ್ಲಿ, ಫ್ಯಾಕ್ಟರಿ ಬಸ್ಸುಗಳು ನಿಲ್ಲುವ ಕಡೆ, ಕರಗುವ ಮಂಜುಗಡ್ಡೆಯ ಮೇಲೆ ನಿಂತ ಬಿಳಿ ಕರಡಿಯನ್ನು ಬರೆದಿದ್ದಳಂತೆ.

"ಆಮೇಲೆ ಏನಾಯ್ತು ಗೊತ್ತಾ ತಾತ? ಶಿಫ್ಟ್ ಮುಗಿಸಿ ಬಂದ ಒಬ್ಬಣ್ಣ ತುಂಬ ಹೊತ್ತು ನೋಡಿ, 'ಮೇಡಂ, ಕರಡಿಗೆ ಯಾಕೆ ಸುಣ್ಣ ಹೊಡ್ದಿದೀರ' ಅಂದ್ರು. ಅವತ್ತೇ ಡಿಸೈಡ್ ಮಾಡ್ದೆ. ಇನ್ಮೇಲೆ ಇಲ್ಲಿರೋದನ್ನೇ ಬರೀಬೇಕು."

ಇಲ್ಲಿರುವುದು ಎಂದರೆ ಬೋರು. ಹೋದ ವರ್ಷ ಕೆರೆಯ ಕೆಳಗೆ, ಮುಚ್ಚಿಹೋದ ಸೇದೋ ಬಾವಿಯ ಪಕ್ಕ, ಪಂಚಾಯಿತಿಯವರು ಕುಡಿಯುವ ನೀರಿಗೆ ಕೊರೆಸಿದರಲ್ಲ, ಅದು. ಸಾವಿರದ ನಾನೂರು ಅಡಿಗೆ ಬೆರಳು ದಪ್ಪ ನೀರು ಬಂತು. ಅಷ್ಟೇ ಉದ್ದದ ನೀಲಿ ಗೆರೆಯನ್ನು ಬಾವಿಯಿಂದ ಶುರುಮಾಡಿ ಊರ ಬೀದಿಯುದ್ದಕ್ಕೂ ಎಳೆಯುತ್ತಾಳಂತೆ. ಯಾವ ಕಾಲಕ್ಕೆ ನೀರು ಎಷ್ಟು ಆಳಕ್ಕಿತ್ತೋ ಅಲ್ಲಲ್ಲಿ ಒಂದು ಗುರುತು.

"ಆಳ ಯಾರಿಗೂ ಕಾಣಲ್ಲ ತಾತ. ಅದನ್ನ ಮಲಗಿಸ್ತೀನಿ. ಜನ ನಡೆದು ನೋಡ್ಲಿ."

ನಾನು ಸ್ಲೇಟಿನಲ್ಲಿ ಬರೆದೆ: 'ಗೆರೆ ಮಾತಾಡುತ್ತಾ?'

ಪಾಪದ ಹುಡುಗಿ, ಟೇಪು ಸುತ್ತತೊಡಗಿದಳು. ಗೆರೆಯಂತೆ, ಚಿತ್ರವಂತೆ. ಜನರನ್ನು ಅಲುಗಾಡಿಸಬೇಕಾದರೆ ಎದೆಯಿಂದ ದನಿ ಎದ್ದು ಬರಬೇಕು. ನನಗೊಂದು ಬಾಯಿದ್ದಿದ್ದರೆ ಈ ಊರನ್ನು ಒಂದೇ ವೃತ್ತಪದ್ಯದಲ್ಲಿ ಕಣ್ಣೀರಿಡಿಸಿಬಿಡುತ್ತಿದ್ದೆ.

ಏಪ್ರಿಲ್ 13, ಭಾನುವಾರ

ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲವೆಂದು ಹೋದೆ. ರಾಜನಾಗಿ ಅಲ್ಲ, ಗೂಟವಾಗಿ.

ಬಾವಿಯಿಂದ ಮೂವತ್ತಡಿಗೆ ಮೊದಲ ಗುರುತು. ನಾನು ಹುಟ್ಟಿದ ಕಾಲಕ್ಕೆ ನೀರು ಅಷ್ಟರಲ್ಲೇ ಇತ್ತು. ಅಲ್ಲಿಂದ ಕೈಪಂಪಿನ ಗುರುತು, ಮೊದಲ ಬೋರಿನ ಗುರುತು. ಆಮೇಲೆ ಗುರುತುಗಳ ನಡುವೆ ಹೆಜ್ಜೆ ಹಾಕಿದಷ್ಟೂ ಮುಗಿಯಲಿಲ್ಲ. ನಡುರಸ್ತೆಯಲ್ಲಿ ಟ್ರ್ಯಾಕ್ಟರು ಓಡಾಡುತ್ತವೆಂದು ಗೆರೆಯನ್ನು ರಸ್ತೆಯ ಅಂಚಿಗೆ, ಮನೆಗಳ ಬಾಗಿಲ ಮುಂದೆಯೇ ಗುರುತು ಮಾಡಿದೆವು. ಎಣ್ಣೆ ಬಣ್ಣ ಬೇಡವಂತೆ ಅವಳಿಗೆ. ಮಳೆಗೆ ತೊಳೆದು ಕೆರೆಗೆ ಸೇರುತ್ತದಂತೆ. ಸುಣ್ಣಕ್ಕೆ ನೀಲಿ ಕಲಸಿ ಎಳೆಯುತ್ತಾಳೆ.

ಟೇಪನ್ನು ಮತ್ತೆ ಮತ್ತೆ ಮಡಚಿ ಬಿಚ್ಚಿ ಕೊನೆಯ ಗುರುತು ಹಾಕಿ ತಲೆಯೆತ್ತಿದರೆ ನಾವು ನಾಟಕದ ಬಯಲಿನಲ್ಲಿದ್ದೆವು. ರಂಗಸ್ಥಳದ ಕಲ್ಲುಮೆಟ್ಟಿಲಿಗೆ ಸರಿಯಾಗಿ.

ಅಲ್ಲಿ ಕೂತು ತಿರುಗಿ ನೋಡಿದೆ. ಇಲ್ಲಿಂದ ನನ್ನ ದನಿ ಕೆರೆಗೆ ಮುಟ್ಟುತ್ತಿತ್ತು. ಅಷ್ಟೇ ದೂರ ನೀರು ಕೆಳಗಿಳಿದಿದೆ. ದೊಡ್ಡ ದನಿ ಎಂದು ಮೆರೆಯುತ್ತಿದ್ದವನಿಗೆ ಅದು ಎಷ್ಟು ದೂರ ಎಂದು ಇವತ್ತೇ ಗೊತ್ತಾದದ್ದು. ಬಿಸಿಲಿಗೆ ತಲೆ ಸುತ್ತಿತು. ಮಿತ್ರ ಬಾಟಲಿ ಕೊಟ್ಟಳು.

ಏಪ್ರಿಲ್ 14

ಬಾಬಾಸಾಹೇಬರ ಜಯಂತಿ. ಪ್ರತಿ ವರ್ಷ ಮೆರವಣಿಗೆಯ ಜೈಕಾರ ನನ್ನದು. ಈ ವರ್ಷ ಒಂದು ಡಬ್ಬಿ ಸ್ಪೀಕರು. ಹಿಂದೆ ಹಿಂದೆ ನಡೆದೆ. ಬಾಯಿ ತೆರೆದು ಮುಚ್ಚಿದೆ.

ಏಪ್ರಿಲ್ 17, ಗುರುವಾರ

ಮೂರು ದಿನ ಬಗ್ಗಿ ಕೂತು ಮೊಮ್ಮಗಳು ಅರ್ಧ ಊರಿನವರೆಗೆ ಗೆರೆ ತಂದಿದ್ದಳು. ಬೆಳಿಗ್ಗೆ ಎದ್ದು ಹೋದರೆ ಗೆರೆ ಇಲ್ಲ. ಪೂರ್ತಿ ಇಲ್ಲವೆಂದಲ್ಲ. ಗೋಡೆ ಇರುವ ಕಡೆ ಇದೆ, ಬಾಗಿಲಿರುವ ಕಡೆ ಇಲ್ಲ. ಪ್ರತಿ ಬಾಗಿಲ ಮುಂದೆಯೂ ಸಗಣಿ ನೀರು ಹಾಕಿ, ಪೊರಕೆಯಲ್ಲಿ ಉಜ್ಜಿ, ಮೇಲೆ ಬಿಳಿ ರಂಗೋಲಿ ಬಿಟ್ಟಿದ್ದಾರೆ.

ಕೊಂಡಮ್ಮ ಇನ್ನೂ ಪೊರಕೆ ಹಿಡಿದು ನಿಂತಿದ್ದಳು. ಆ ಬೀದಿಯಲ್ಲಿ ಅವಳು ಒಂದು ಮಾತು ಹೇಳಿದರೆ ಹತ್ತು ಬಾಗಿಲಿಗೆ ಅದೇ ಕಾನೂನು.

"ಆಂಟಿ, ಮೂರು ದಿನದ ಕೆಲಸ," ಎಂದಳು ಮಿತ್ರ.

"ಕೆಲಸ ಮಾಡು, ಬ್ಯಾಡಾ ಅಂದೋರ್ಯಾರು? ನನ್ನ ಬಾಗಿಲು ಬಿಟ್ಟು ಮಾಡು. ಚಿಂತಾಮಣಿ ರೋಡ್ನಾಗೆ ನನ್ನ ತಂಗಿ ಮನೆ ಮುಂದೆ ಹಿಂಗೇ ಗೆರೆ ಎಳೆದು ನಂಬರು ಬರೆದ್ರು. ಆರು ತಿಂಗಳಿಗೆ ರಸ್ತೆ ಅಗಲ ಮಾಡ್ತೀವಿ ಅಂತ ಜಗಲಿ ಒಡೆದ್ರು. ನಂಬರು ಕಂಡ್ರೆ ನಂಗೆ ಗೊತ್ತಾಗಲ್ವಾ?"

"ಇದು ಅದಲ್ಲ ಆಂಟಿ, ಇದು ನೀರಿನ..."

"ನೀರಿನ ಪೈಪಾ? ಹಂಗಾದ್ರೆ ಇನ್ನೂ ಅಗೀತಾರೆ."

ನಾನು ಮುನ್ನುಗ್ಗಿ ಸ್ಲೇಟಿನಲ್ಲಿ ವಿವರವಾಗಿ ಬರೆದು ಹಿಡಿದೆ. ಕೊಂಡಮ್ಮ ಕಣ್ಣು ಕಿರಿದು ಮಾಡಿ, "ಏಮಯ್ಯಾ, ನಂಗೆ ಕನ್ನಡಕ ಇಲ್ಲ, ನಿಂಗೆ ಬಾಯಿ ಇಲ್ಲ. ಹೋಗು, ಹೋಗಿ ಮಲಕ್ಕೋ," ಎಂದಳು. ಬೀದಿ ನಕ್ಕಿತು.

ನನ್ನ ಬಾಯಿಯೊಂದಿದ್ದಿದ್ದರೆ. ಈ ವಾಕ್ಯವನ್ನು ಈ ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೇನೋ.

ಏಪ್ರಿಲ್ 19, ಶನಿವಾರ

ಡಾಕ್ಟರಮ್ಮ ಮತ್ತೆ ನೋಡಿದರು, ಗಂಟಲ ಬಾವು ಇಳಿದಿಲ್ಲ. ಇನ್ನೂ ಎರಡು ವಾರ ಮೌನ. ಆಮೇಲೂ ಜೋರಾಗಿ ಕೂಗುವ ಆಸೆ ಇಟ್ಟುಕೊಳ್ಳಬೇಡಿ ಎಂದರು.

ನರಸಿಂಹಪ್ಪನಿಗೆ ಬರೆದು ಕೊಟ್ಟೆ. 'ಬಾಯಿಪಾಠ ಮಾಡಿಕೋ.'

ಏಪ್ರಿಲ್ 21, ಸೋಮವಾರ

ನಿನ್ನೆಯೆಲ್ಲ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಪಕ್ಕದ ಕೋಣೆಯಲ್ಲಿ ಮೊಮ್ಮಗಳೂ ಹಾಗೇ ಮಲಗಿದ್ದಳು. ಆದಿಲಕ್ಷ್ಮಿ ನಡುವೆ ನಿಂತು, "ಚಾಲು, ಸಾಕು ಇಬ್ಬರದೂ. ಒಂದು ಮನೆಗೆ ಒಬ್ಬ ಮೂಗ ಸಾಕು," ಎಂದಳು. ಮಿತ್ರ ಬ್ಯಾಗು ತುಂಬಿಕೊಳ್ಳುವ ಸದ್ದು ಕೇಳಿಸಿತು. ನಾಳೆ ಮೊದಲ ಬಸ್ಸಿಗೆ ಗೌರಿಬಿದನೂರಿಗೆ ಹೊರಡುತ್ತೇನೆಂದು ಅಜ್ಜಿಗೆ ಹೇಳುತ್ತಿದ್ದಳು.

ಇವತ್ತು ಬೆಳಕು ಹರಿಯುವಾಗ ನಾನು ಏಕೆ ಎದ್ದು ಹೋದೆನೋ ತಿಳಿಯದು. ಟವೆಲನ್ನು ಸೊಂಟಕ್ಕೆ ಬಿಗಿದು ಬಾವಿಯ ಹತ್ತಿರ ನಿಂತೆ. ಹೆಂಗಸರೆಲ್ಲ ಬಾಗಿಲಿಗೆ ನೀರು ಹಾಕಲು ಬಕೆಟು ಹಿಡಿದು ಹೊರಬಂದಿದ್ದರು. ನಾಟಕಕ್ಕೆ ಸಭಿಕರು ತಾವಾಗಿ ನೆರೆದಿದ್ದರು ಎನ್ನಿ.

ಇಲ್ಲದ ಹಗ್ಗಕ್ಕೆ ಇಲ್ಲದ ಬಿಂದಿಗೆ ಕಟ್ಟಿದೆ. ಬಾವಿಗೆ ಬಿಟ್ಟೆ. ಹಗ್ಗ ಹಿಡಿದು ಮೂವತ್ತಡಿ ನಡೆದು ಮೊದಲ ಗುರುತಿನ ಮೇಲೆ ನಿಂತು ಸೇದಿದೆ. ನಾಲ್ಕು ಸೇದಿಗೆ ಬಿಂದಿಗೆ ಮೇಲೆ ಬಂತು. ಕುಡಿದೆ, ಮುಖ ತೊಳೆದೆ, ಮೀಸೆ ಒರೆಸಿದೆ. ಯಾರೋ ಕಿಸಕ್ಕೆಂದರು. ಎರಡನೆಯದು ಕೈಪಂಪು. ನನ್ನ ಈ ದೇಹ ಮೇಲೆ ಕೆಳಗೆ ಕುಣಿದಿದ್ದಕ್ಕೆ ಇಡೀ ಬೀದಿ ನಕ್ಕಿತು. ಮೊನ್ನೆ ಕೊಂಡಮ್ಮನ ಬಾಗಿಲಲ್ಲಿ ಬಿಟ್ಟರೆ, ಈ ಜನ್ಮದಲ್ಲಿ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ರಾಜನನ್ನು ಕಂಡು ಜನ ಬೆಚ್ಚಬೇಕು, ಅದು ಕ್ರಮ.

ಆಮೇಲೆ ಮತ್ತೆ ಬಾವಿಗೆ ಬಿಂದಿಗೆ ಬಿಟ್ಟು, ಹಗ್ಗವನ್ನು ಹೆಗಲ ಮೇಲಿಂದ ಬಿಡುತ್ತ ನಡೆದೆ. ಮೊದಲ ಬಾಗಿಲು ದಾಟಿದೆ. ಎರಡನೆಯದು, ಮೂರನೆಯದು. ನಗು ಹಿಂದೆ ಹಿಂದೆ ಬರುತ್ತಿತ್ತು. ಅರಳಿಕಟ್ಟೆ ದಾಟಿದೆ, ಹಾಲಿನ ಡೈರಿ ದಾಟಿದೆ. ನಗು ಕಡಿಮೆಯಾಯಿತು. ರಂಗಸ್ಥಳದ ಮೆಟ್ಟಿಲು ಮುಟ್ಟಿ, ತಿರುಗಿ ನಿಂತು, ಅಷ್ಟುದ್ದದ ಹಗ್ಗವನ್ನು ಸೇದತೊಡಗಿದೆ. ಸೇದುತ್ತ ಸೇದುತ್ತ ವಾಪಸು ನಡೆದೆ. ಮೊದಲು ಅಭಿನಯವೇ ಇತ್ತು. ಡೈರಿಯ ಹತ್ತಿರ ಬರುವಾಗ ತೋಳು ನಿಜವಾಗಿಯೇ ಸೋತಿತ್ತು. ಕೊಂಡಮ್ಮನ ಬಾಗಿಲಿಗೆ ಬಂದಾಗ ಕಾಲು ಕುಸಿದು ಅವಳ ಜಗಲಿಯ ಮೇಲೇ ಕೂತುಬಿಟ್ಟೆ. ಬಿಂದಿಗೆ ಇನ್ನೂ ಎಲ್ಲೋ ಕೆಳಗಿತ್ತು.

ಕೊಂಡಮ್ಮ ಒಳಗೆ ಹೋಗಿ ಒಂದು ಚೆಂಬು ನೀರು ತಂದುಕೊಟ್ಟಳು. ಕುಡಿದಾದ ಮೇಲೆ ಕೇಳಿದಳು.

"ಅಲ್ಲೀಗಂಟ ಐತಾ ನೀರು? ನಾಟಕದ ಬಯಲು ಎಷ್ಟು ದೂರ ಐತೋ ಅಷ್ಟು ಕೆಳಕ್ಕಾ?"

ತಲೆಯಾಡಿಸಿದೆ. ನೆಲದ ಕಡೆ ಬೆರಳು ತೋರಿಸಿದೆ.

ಅವಳು ತನ್ನ ಕಾಲ ಬಳಿ ಇದ್ದ ಬಕೆಟನ್ನು ನೋಡಿದಳು. ಬೀದಿಗೆ ಚೆಲ್ಲಲೆಂದು ತುಂಬಿಸಿಕೊಂಡಿದ್ದ ನೀರು ಅದು. ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕೂಗಿದಳು.

"ಸೌಜನ್ಯಾ, ರಂಗೋಲಿ ಡಬ್ಬ ತಾರೇ. ಬಿಳೀದಲ್ಲ, ನೀಲೀದು."

ನಾನೇ ಮನೆಗೆ ಓಡಿ ಮೊಮ್ಮಗಳ ಕೈಯಿಂದ ಬ್ಯಾಗು ಕಿತ್ತುಕೊಂಡೆ. ಒಂದೂ ಸಂಭಾಷಣೆಯಿಲ್ಲದ ನಾಟಕ. ಮೇಷ್ಟ್ರು ಇದ್ದಿದ್ದರೆ ಬೆತ್ತ ಎತ್ತುತ್ತಿದ್ದರು.

ಏಪ್ರಿಲ್ 25, ಶುಕ್ರವಾರ

ಹೊಸ ಒಪ್ಪಂದ ಹೀಗಿದೆ. ಗೋಡೆಗಳ ಮುಂದೆ ಮಿತ್ರಾಳ ಸುಣ್ಣದ ಗೆರೆ. ಬಾಗಿಲುಗಳ ಮುಂದೆ ಆಯಾ ಮನೆಯವರ ರಂಗೋಲಿ ಗೆರೆ. ದಿನಾ ಬೆಳಿಗ್ಗೆ ಅಳಿಸುತ್ತಾರೆ, ದಿನಾ ಬೆಳಿಗ್ಗೆ ಎಳೆಯುತ್ತಾರೆ.

ಆದರೆ ಹೆಂಗಸರ ಕೈ ಸುಮ್ಮನಿರುತ್ತದೆಯೆ. ಒಬ್ಬರು ಗೆರೆಗೆ ಬಳ್ಳಿ ಹಬ್ಬಿಸಿದರು. ಇನ್ನೊಬ್ಬರು ಮೀನು ಬಿಟ್ಟರು. ಸೌಜನ್ಯ ಗೆರೆಯನ್ನು ಹಾವಿನ ಹಾಗೆ ನಾಲ್ಕು ಸುತ್ತು ಸುತ್ತಿಸಿದ್ದಾಳೆ.

"ಅಕ್ಕ, ಹಿಂಗೆ ಸುತ್ತಿಸಿದ್ರೆ ಅಳತೆ ತಪ್ಪಲ್ವಾ?" ಎಂದಳು ಮಿತ್ರ.

"ನಿಮ್ಮ ಬೋರು ನೆಟ್ಟಗೆ ಇಳೀತೈತೆ ಅಂತ ಯಾರು ನೋಡವ್ರೆ?" ಎಂದಳು ಅವಳು.

ಮಿತ್ರ ಮೊದಲು ಮುಖ ಊದಿಸಿದಳು. ಮಧ್ಯಾಹ್ನ ನೋಡಿದರೆ ಅದೇ ಸೌಜನ್ಯಳ ಹತ್ತಿರ ಕೂತು ಚುಕ್ಕಿ ಲೆಕ್ಕ ಕಲಿಯುತ್ತಿದ್ದಳು. ಗುರುತುಗಳ ಜಾಗ ಮಾತ್ರ ಜರುಗಬಾರದೆಂದು ನಾನು ಕಾವಲು. ಕೊಂಡಮ್ಮ ಈಗ ಬಕೆಟ್ ತರುವುದಿಲ್ಲ. ಒಂದು ಚೆಂಬು ಚಿಮುಕಿಸಿ, "ಸಾಕು ಬಿಡು, ಧೂಳು ಕೂತ್ರೆ ಆಯ್ತು," ಎನ್ನುತ್ತಾಳೆ.

ಏಪ್ರಿಲ್ 30, ಬುಧವಾರ

ಗುರುತಿನ ಹತ್ತಿರ ಕೂತಿದ್ದರೆ ಬಂದವರು ನಿಂತು ಏನಾದರೂ ಹೇಳುತ್ತಾರೆ. ಮರುಮಾತಾಡದವನ ಹತ್ತಿರ ಜನರಿಗೆ ಧಾರಾಳವೋ ಏನೋ. ಬರೆದಿಡುತ್ತೇನೆ, ಮರೆತುಹೋದೀತು.

ಕದಿರಮ್ಮ ನಾನೂರೈವತ್ತರ ಗುರುತಿನ ಮೇಲೆ ಕಾಲಿಟ್ಟು ಹೇಳಿದ್ದು: "ಬೋರು ಇಲ್ಲಿಗೆ ಬಂದ ವರ್ಷ ನೀರು ಒಂಥರಾ ಆಯ್ತಪ್ಪ. ಅವಾಗ್ಲೇ ನನ್ನ ಮಂಡಿ ಹಿಡ್ಕೊಂಡಿದ್ದು. ಮಕ್ಕಳ ಹಲ್ಲು ನೋಡು, ಕಂದು ಗೆರೆ. ಈ ಗೆರೆ ಇಲ್ಲಿ ಎಳೆಯೋಕ್ಮುಂಚೆ ಬಾಯಾಗೆ ಎಳೆದಿತ್ತು."

ಇಂಥ ಮಾತನ್ನು ಯಾವ ಕವಿ ಬರೆದಾನು.

ಡೈರಿಯ ಮುನಿವೆಂಕಟಪ್ಪ ಎಂಟುನೂರರ ಹತ್ತಿರ: "ಇದು ನಮ್ಮಪ್ಪ ಎಮ್ಮೆ ಮಾರಿದ ಜಾಗ." ಅಷ್ಟೇ ಹೇಳಿ ಹೋದ. ಆ ಬೇಸಿಗೆ ನನಗೂ ನೆನಪಿದೆ. ಆದರೆ ಅವನು ಹೇಳಿದ ಹಾಗೆ ನಾನು ಹೇಳುತ್ತಿರಲಿಲ್ಲ. ನಾನಾಗಿದ್ದರೆ ಅರ್ಧ ಗಂಟೆ ಹೇಳುತ್ತಿದ್ದೆ.

ಮೇ 3, ಶನಿವಾರ

ಶಿಡ್ಲಘಟ್ಟದಲ್ಲಿ ಎರಡು ಅಂಗಡಿಗಳಲ್ಲೂ ನೀಲಿ ರಂಗೋಲಿ ಪುಡಿ ಮುಗಿದಿದೆ. ಅಂಗಡಿಯವನು, "ನಿಮ್ಮೂರಲ್ಲಿ ಏನ್ರೀ ಹಬ್ಬ?" ಎಂದ. ಚಿಕ್ಕಬಳ್ಳಾಪುರದ ಬಜಾರಿನಲ್ಲಿ ಹುಡುಕಿ ಐದು ಪೊಟ್ಟಣ ತಂದೆವು. ಕೊಂಡಮ್ಮನಿಗೆ ಎರಡು, ಕದಿರಮ್ಮನಿಗೆ ಒಂದು, ಉಳಿದದ್ದನ್ನು ಮಿತ್ರ ಹಂಚಲಿ. ರಂಗಸ್ಥಳದ ಹತ್ತಿರ ಕಾಲ್ತುಳಿತ ಜಾಸ್ತಿ, ಅಲ್ಲಿ ದಿನಕ್ಕೆರಡು ಸಲ ಎಳೆಯಬೇಕು.

ಅಂದಹಾಗೆ, ಆಸ್ಪತ್ರೆಗೂ ಹೋಗಿದ್ದೆ. ಆದಿಲಕ್ಷ್ಮಿ ಹೊರಗೆ ಚೀಟಿ ಹಿಡಿದು ಕೂತಿದ್ದಳು. ಡಾಕ್ಟರಮ್ಮ ಕೊಳವೆ ಹಾಕಿ ನೋಡಿ, "ವಾಸಿಯಾಗಿದೆ. 'ಆ' ಅನ್ನಿ," ಎಂದರು.

ಅಂದೆ.

ಹೊರಗೆ ಬಂದದ್ದು ನನ್ನದಲ್ಲ. ಹಳೇ ಬಾಗಿಲನ್ನು ಯಾರೋ ನಿಧಾನಕ್ಕೆ ಸರಿಸಿದ ಹಾಗಿತ್ತು. "ಚೆನ್ನಾಗಿದೆ, ಇಷ್ಟೇ. ಇನ್ಮೇಲೆ ಇಷ್ಟರಲ್ಲೇ ಮಾತಾಡಿ. ಕೂಗೋದು ಮಾತ್ರ ಮರೆತುಬಿಡಿ," ಎಂದರು.

ಹೊರಗೆ ಬಂದು ಆದಿಲಕ್ಷ್ಮಿಗೆ ಸ್ಲೇಟಿನಲ್ಲಿ ಬರೆದೆ: 'ಇನ್ನೂ ಸ್ವಲ್ಪ ದಿನ.' ಸುಳ್ಳು ಬರೆದೆ. ಈ ದನಿಯನ್ನು ಯಾರಿಗೂ ಕೇಳಿಸಲಾರೆ. ಸುಮ್ಮನಿರುವ ರಾಜನಿಗೆ ಮರ್ಯಾದೆಯಿದೆ. ಕಿರುಗುಟ್ಟುವ ರಾಜನಿಗೆ ಯಾರು ಕೈಕಟ್ಟುತ್ತಾರೆ.

ಮೇ 8

ನರಸಿಂಹಪ್ಪ ಪ್ರಾಕ್ಟೀಸ್ ಮಾಡಿ ತೋರಿಸಿದ. ಕಿರೀಟ ಅವನಿಗೆ ಸಡಿಲ. ಒಳಗೆ ಬಟ್ಟೆ ಮಡಚಿಟ್ಟು ಸರಿಮಾಡಿಕೊಟ್ಟೆ. ಎಲ್ಲಿ ಉಸಿರು ತೆಗೆಯಬೇಕೆಂದು ಬೆರಳೆತ್ತಿ ತೋರಿಸಿದೆ.

"ನಿನ್ನಂಗೆ ಬರಲ್ಲ ಕಣಯ್ಯ," ಎಂದ.

'ನಿನ್ನ ಹಾಗೆ ಬರಲಿ,' ಎಂದು ಬರೆದೆ.

ಮೇ 11, ಭಾನುವಾರ

ನಿನ್ನೆ ನಾಟಕ. ಇಡೀ ದಿನ ಗೆರೆಯ ಮೇಲೇ ಇದ್ದೆ. ಹೊರಗೂರುಗಳಿಂದ ಬಂದವರು ಬಸ್ಸಿಳಿದು ಕೆರೆಯ ಕಡೆಯಿಂದಲೇ ಊರೊಳಗೆ ಬರಬೇಕಲ್ಲ. ನೀಲಿ ಗೆರೆ ನೋಡಿ ಅದನ್ನೇ ಹಿಡಿದು ನಡೆದರು. ಪ್ರತಿ ಬಾಗಿಲಲ್ಲೂ ಒಬ್ಬರು ನಿಂತು ತಮ್ಮ ತಮ್ಮ ಗುರುತಿನ ಕತೆ ಹೇಳುತ್ತಿದ್ದರು. ಕೊಂಡಮ್ಮನಂತೂ ನನ್ನ ಹಗ್ಗ ಸೇದುವ ಅಭಿನಯವನ್ನೇ ಮಾಡಿ ತೋರಿಸುತ್ತಿದ್ದಳು, ನನಗಿಂತ ಚೆನ್ನಾಗಿ. ಮಿತ್ರ ಮೈಯೆಲ್ಲ ನೀಲಿ ಮಾಡಿಕೊಂಡು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದಳು.

ಐದು ಗಂಟೆಗೆ ಅಕ್ಕಯ್ಯಮ್ಮನವರನ್ನು ಮೊಮ್ಮಗ ಸುನೀಲ್‌ಕುಮಾರ್ ಬೈಕಿನಲ್ಲಿ ಬಾವಿಯ ಹತ್ತಿರ ತಂದಿಳಿಸಿದ. ಮಗನ ನಾಟಕಕ್ಕೆ ಗೆರೆಯ ಮೇಲೇ ನಡೆದು ಹೋಗಬೇಕೆಂದು ಹಟವಂತೆ. ಅವನಿಗೆ ಮೈಕಿನ ವೈರಿನ ಚಿಂತೆ. "ಯಾರಾದ್ರೂ ಕರ್ಕೊಂಡ್ ಹೋಗ್ರಪ್ಪ," ಎಂದು ಹೊರಟೇಬಿಟ್ಟ. ಹತ್ತಿರ ಇದ್ದವನು ನಾನೊಬ್ಬನೇ.

ಮುದುಕಿ ಗಾಳಿಯಲ್ಲಿ ಕೈ ಚಾಚಿ ನಿಂತಿದ್ದರು. ಆ ಕೈ ಹಿಡಿದುಕೊಂಡೆ. ಒಣಗಿದ ಎಲೆಯಷ್ಟು ಹಗುರ. ಅವರು ಕಾಲು ಮುಂದಿಟ್ಟು, ಕಲ್ಲು ತಗುಲಿ, ತಡವರಿಸಿದರು.

"ಮೆಲ್ಲಗೆ ಅಮ್ಮಾ. ಇಲ್ಲೊಂದು ಕಲ್ಲಿದೆ," ಎಂದೆ.

ಬೇರೆ ದಾರಿ ಇರಲಿಲ್ಲ. ಕಣ್ಣು ಕಾಣದವರಿಗೆ ಸ್ಲೇಟು ತೋರಿಸಲಾಗುತ್ತದೆಯೆ.

"ಯಾರಪ್ಪ ನೀನು? ದನಿ ಗುರುತು ಸಿಗ್ತಿಲ್ಲ."

"ಇಲ್ಲೇ ಊರಿನವನು ಅಮ್ಮಾ."

"ಮಾತು ಮೆತ್ತಗೈತೆ. ಹೊಸಬನೇನೋ ಅನ್ಕೊಂಡೆ."

ಮೊದಲ ಗುರುತಿಗೆ ಬಂದೆವು. ಇಲ್ಲಿ ಮೂವತ್ತಡಿಗೆ ನೀರಿತ್ತು ಎಂದು ಹೇಳಿದೆ. ಅವರು ನಿಂತರು. ಮೂಗು ಅರಳಿಸಿ ಬಾವಿಯ ಕಡೆ ಮುಖ ತಿರುಗಿಸಿದರು, ವಾಸನೆ ಹಿಡಿದವರ ಹಾಗೆ.

"ನಂಗ್ಯಾಕಪ್ಪ ಹೇಳ್ತೀಯ? ಮದುವೆಯಾಗಿ ಬಂದವಳು ಇದೇ ಬಾವೀಲಿ ಸೇದಿದ್ದೀನಿ. ಆ ಮೂಲೇಲಿ ಕೇರಿಯೋರು ಬಿಂದಿಗೆ ಹಿಡ್ಕೊಂಡು ನಿಂತಿರೋರು. ಬಾವಿ ಮುಟ್ಟಂಗಿರ್ಲಿಲ್ಲ. ನಾವು ಸೇದಿ ಹುಯ್ಯಬೇಕು. ಯಾರೂ ಬರ್ದೇ ಇದ್ರೆ ಅಲ್ಲಿಂದಲೇ ಕೂಗೋರು."

ಅವರ ಕಾಲಡಿಯ ಕಲ್ಲನ್ನು ಪಕ್ಕಕ್ಕೆ ತಳ್ಳಿದೆ.

"ಪೆದ್ದಮ್ಮ ಅಂತ ಒಬ್ಳಿದ್ಳು. 'ಅಕ್ಕಾ, ನೀರು' ಅಂತ ಕೂಗಿದ್ರೆ ನಮ್ಮ ಅಡಿಗೆ ಮನೇಲಿ ಪಾತ್ರೆ ಗಲಗಲ ಅನ್ನೋದು. ಏನ್ ಗಂಟಲು ಅವಳ್ದು, ತಾಯಿ. ನಮ್ಮತ್ತೆ ಬೈಯೋರು, ಹೋಗಿ ಹುಯ್ದು ಬಾರೇ, ಇಲ್ದಿದ್ರೆ ಹೆಂಚು ಹಾರೋಗುತ್ತೆ ಅಂತ. ನಾನು ಓಡಿ ಬರ್ತಿದ್ದೆ. ಸೊಂಟದಲ್ಲೊಂದು ಕೂಸು ಇರೋದು. ಅವಳು ಕೂಗಿದ್ರೆ ಅದೂ ಜೊತೇಲಿ ಕೂಗೋದು. ಅದೇ ಕೂಸು ಕಣಪ್ಪ, ರಾಜಪಾರ್ಟು ಮಾಡ್ತಾನಲ್ಲ, ಚೆನ್ನರಾಯ. ಅದೇ ಗಂಟಲು. ಪಾಪ, ಹೋಯ್ತಂತೆ ಈಗ."

ಅವರ ಕೈ ನನ್ನ ಕೈಯೊಳಗಿತ್ತು. ಬಾವಿಯ ಆ ಮೂಲೆಯಲ್ಲಿ ಎಕ್ಕದ ಗಿಡ ಬೆಳೆದಿದೆ. ಅದನ್ನೇ ನೋಡುತ್ತ ನಿಂತೆ.

"ನಿಂತುಬಿಟ್ಟೆಯಲ್ಲಪ್ಪ. ಇನ್ನೂ ದೂರ ಐತಾ?"

"ದೂರ ಇದೆ ಅಮ್ಮಾ. ಬನ್ನಿ, ಹೇಳ್ಕೊಂಡು ಹೋಗ್ತೀನಿ."

ಹೇಳಿಕೊಂಡು ಹೋದೆ. ಕದಿರಮ್ಮನ ಮಂಡಿ, ಮುನಿವೆಂಕಟಪ್ಪನ ಎಮ್ಮೆ, ಸೌಜನ್ಯಳ ಹಾವು, ಎಲ್ಲವನ್ನೂ. ಹಿಂದಿನಿಂದ ಬರುತ್ತಿದ್ದವರು ಕೇಳಿಸದೆಂದು ಹತ್ತಿರ ಹತ್ತಿರ ಬಂದರು. ಡೈರಿ ದಾಟುವಾಗ ನಮ್ಮ ಸುತ್ತ ಒಂದು ಗುಂಪೇ ಇತ್ತು. ಅದರಲ್ಲಿ ಮಿತ್ರಾಳೂ ಇದ್ದಳು. ಅವಳೇಕೆ ಕಣ್ಣೊರೆಸಿಕೊಳ್ಳುತ್ತಿದ್ದಳೋ, ಸುಣ್ಣ ಹಾರಿರಬೇಕು.

ಮೆಟ್ಟಿಲ ಹತ್ತಿರ ಅಕ್ಕಯ್ಯಮ್ಮನವರನ್ನು ಚಾಪೆಯ ಮೇಲೆ ಕೂರಿಸಿದೆ. ಮೈಕಿನಲ್ಲಿ ನರಸಿಂಹಪ್ಪನ ಮೊದಲ ಆರ್ಭಟ ಎದ್ದಿತು. ಮುದುಕಿ ಕಿವಿ ಮುಚ್ಚಿಕೊಂಡು, "ನನ್ನ ಮಗ ಒದರ್ತಾನೆ, ಏನೂ ತಿಳಿಯಲ್ಲ. ನೀನು ಹೇಳ್ದೆ ನೋಡು, ಅದು ತಿಳೀತು," ಎಂದರು.

ನಾಟಕ ಚೆನ್ನಾಗಿಯೇ ಆಯಿತೆಂದು ಎಲ್ಲರೂ ಹೇಳಿದರು. ನಾನು ಮೊದಲ ಅಂಕ ನೋಡಿ ಮನೆಗೆ ಬಂದೆ. ಆದಿಲಕ್ಷ್ಮಿ ಬಾಗಿಲಲ್ಲೇ ಕೂತು ನಾಳೆಯ ರಂಗೋಲಿಗೆ ಪುಡಿ ಜರಡಿ ಹಿಡಿಯುತ್ತಿದ್ದಳು. ನನ್ನನ್ನು ಕಂಡು, ಸ್ಲೇಟು ಹುಡುಕಲು ಎದ್ದಳು.

"ಲಕ್ಷ್ಮೀ, ನೀರು," ಎಂದೆ.

ಅವಳು ನಿಂತಲ್ಲೇ ನಿಂತಳು. ಆಮೇಲೆ ಒಳಗೆ ಹೋಗಿ ಚೆಂಬು ತಂದಳು. ಕೊಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು.

"ಇನ್ನೊಂದ್ ಸಲ ಕೇಳಿ," ಎಂದಳು.

ಕೇಳಿದೆ.